ಸನ್ಮಾನ ಸಾಕು, ಒಂದು ಕೆಲಸ ಕೊಡಿ

ನಾನಿರುವ ಮುಂಬೈಯ ಚೆಂಬೂರಿನಿಂದ ಸ್ವಲ್ಪ ದೂರದಲ್ಲಿ, ಮಾನ್‌ಖುರ್ದ್ ಕಡೆ ಜನತಾ ಕಾಲೋನಿ ಅಂತ ಒಂದು ದೊಡ್ಡ ಝೋಪಡಪಟ್ಟಿ, ಅಂದರೆ ಕೊಳೆಗೇರಿ, ಇತ್ತು. 1960ರ ದಶಕದ ಮಾತು. ಮುನಿಸಿಪಾಲ್ಟಿಯವರು ಅಲ್ಲಿ ಕಸ ಎತ್ತುತ್ತಿರಲಿಲ್ಲ. ಒಬ್ಬ ಹುಡುಗ ಅಲ್ಲಿನ ಮಕ್ಕಳನ್ನೆಲ್ಲ ಸೇರಿಸಿದ. ಪಿಕ್‌ನಿಕ್ ಹೋಗೋಣ ಅಂದ. ಎಲ್ಲರ ಕೈಗೂ ಒಂದಿಷ್ಟು ಕಸದ ಪೊಟ್ಟಣ ಕೊಟ್ಟು, ಸೀದಾ ಮುನಿಸಿಪಾಲ್ಟಿ ಆಫೀಸಿನ ಮುಂದೆ ಸುರಿಸಿದ. ಆ ಹುಡುಗನ ಹೆಸರು ಜೋಕಿನ್ ಅರ್ಪುತಮ್. ಹುಟ್ಟಿದ್ದು ನಮ್ಮ ಕೋಲಾರದ ಕೆಜಿಎಫ್‌ನಲ್ಲಿ, ತಮಿಳು ಮನೆಮಾತಿನವನು. ಹರೆಯದಲ್ಲೇ ಮುಂಬೈಗೆ ಬಂದು ಬಡಗಿ ಕೆಲಸ ಮಾಡಿಕೊಂಡಿದ್ದವನು.

ಮುಂದೆ ಇದೇ ಜೋಕಿನ್ ದೇಶದ ಕೊಳೆಗೇರಿ ನಿವಾಸಿಗಳ ಒಕ್ಕೂಟ ಕಟ್ಟಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2011ರಲ್ಲಿ ಪದ್ಮಶ್ರೀ. 2018ರಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಅವರ ಹೆಸರು ಕೇಳಿದವರು ಎಷ್ಟು ಜನ? ನಾನೇ ಕೇಳಿದ್ದು ಮುಂಬೈಗೆ ಬಂದ ಮೇಲೆ.

ಜನತಾ ಕಾಲೋನಿ ಉಳಿಯಲಿಲ್ಲ. ಪಕ್ಕದಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರ, ಅದರ ನೌಕರರ ಕಾಲೋನಿಗೆ ಈ ಜಾಗ ಬೇಕಾಗಿತ್ತು. ಕೋರ್ಟು, ಕಚೇರಿ, ಧರಣಿ ಎಲ್ಲ ಆಯಿತು. 1976ರಲ್ಲಿ, ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ, ಇಡೀ ಕಾಲೋನಿಯನ್ನು ಕೆಡವಿ ಜನರನ್ನು ಟ್ರಾಂಬೆಯ ಚೀತಾ ಕ್ಯಾಂಪಿಗೆ ಸಾಗಿಸಿದರು. ಅಂದರೆ ಸೋತರು. ಆದರೆ ಸೋತ ಮೇಲೂ ಈ ಜನ ಚದುರಿಹೋಗಲಿಲ್ಲ. ನನಗೆ ಕುತೂಹಲ ಇರುವುದು ಅಲ್ಲೇ. ತಮಿಳರು, ಮುಸ್ಲಿಮರು, ಮರಾಠಿಗರು, ಉತ್ತರಪ್ರದೇಶದವರು, ನಮ್ಮ ಕಲಬುರಗಿ ಕಡೆಯವರು ಎಲ್ಲ ಕಲೆತಿರುವ ಗಲ್ಲಿಗಳಲ್ಲಿ ಒಂದು ಸಂಘಟನೆ ಹೇಗೆ ಬಾಳಿಕೆ ಬಂತು?

ಭಾಷಣದಿಂದಂತೂ ಅಲ್ಲ. ಈ ಊರಿನಲ್ಲಿ ಭಾಷಣಕ್ಕೆ ಯಾವ ಕಾಲದಲ್ಲೂ ಬರ ಇಲ್ಲ.

ಬೈಕುಲ್ಲಾದ ಫುಟ್‌ಪಾತ್‌ನಲ್ಲಿ ನಡೆದದ್ದನ್ನು ನೋಡಿದರೆ ಸ್ವಲ್ಪ ಅರ್ಥ ಆಗುತ್ತದೆ. 1985ರಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದಿತು. ಆದರೆ ನೋಟಿಸ್ ಕೊಟ್ಟು ಅವರನ್ನು ಎಬ್ಬಿಸಬಹುದು ಎಂದೂ ಹೇಳಿತು. ಆಗ ಬಹಳ ಜನರ ತಲೆಯಲ್ಲಿದ್ದದ್ದು ಒಂದೇ: ಇವರೆಲ್ಲ ನಿನ್ನೆ ಮೊನ್ನೆ ಬಂದವರು, ಓಡಿಸಿದರೆ ಊರಿಗೆ ಹೋಗುತ್ತಾರೆ. ಹಿಂದಿನ ವರ್ಷವಷ್ಟೇ ಶುರುವಾಗಿದ್ದ ಸ್ಪಾರ್ಕ್ ಎಂಬ ಸಂಸ್ಥೆಯವರು ಅಲ್ಲಿನ ಜನರ ಜೊತೆ ಕೂತು ಗಣತಿ ಮಾಡಿದರು. ಯಾರು, ಎಲ್ಲಿಂದ ಬಂದವರು, ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಏನು ಕೆಲಸ. ಲೆಕ್ಕ ಸಿಕ್ಕಿದ ಮೇಲೆ ಗೊತ್ತಾಯಿತು, ಎಷ್ಟೋ ಮನೆಗಳು ದಶಕಗಳಿಂದ ಅದೇ ಫುಟ್‌ಪಾತ್‌ನಲ್ಲಿದ್ದವು. ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಸಂಸಾರ ಹೂಡಿದ್ದರು.

ಮುಂದಿನ ವರ್ಷ ಆ ಫುಟ್‌ಪಾತ್‌ನ ಹೆಂಗಸರು ಮಹಿಳಾ ಮಿಲನ್ ಅಂತ ಗುಂಪು ಕಟ್ಟಿದರು. ಜೋಕಿನ್ ಅವರ ಒಕ್ಕೂಟವೂ ಇವರ ಜೊತೆ ಕೈಜೋಡಿಸಿತು. ಒಬ್ಬೊಬ್ಬಳ ಪಾಲಿಗೆ ಒಂದಿಷ್ಟು ಗುಡಿಸಲು. ದಿನಾ ಬಾಗಿಲಿಗೆ ಹೋಗಿ ಒಂದು ರೂಪಾಯಿ ಎರಡು ರೂಪಾಯಿ ಉಳಿತಾಯ ವಸೂಲಿ ಮಾಡಬೇಕು. ಓದು ಬರಹ ಬರುತ್ತಿರಲಿಲ್ಲ. ಅದಕ್ಕೆ ಬಣ್ಣದ ಕಾಗದದ ಚೂರುಗಳು. ಒಂದು ಬಣ್ಣಕ್ಕೆ ಒಂದು ಮೊತ್ತ. ದುಡ್ಡು ಕೊಟ್ಟವರ ಪ್ಲಾಸ್ಟಿಕ್ ಚೀಲಕ್ಕೆ ಆ ಬಣ್ಣದ ಚೂರು ಬೀಳುತ್ತಿತ್ತು. ಅಷ್ಟೇ ಪಾಸ್‌ಬುಕ್ಕು! ಅಕೌಂಟ್ಸ್ ಕೆಲಸದಲ್ಲೇ ಕೂದಲು ಬೆಳ್ಳಗಾದ ನನಗೆ ಇದನ್ನು ಕೇಳಿ ನಿಜಕ್ಕೂ ಖುಷಿಯಾಯಿತು.

ದುಡ್ಡು ಸಣ್ಣದು, ಸರಿ. ಆದರೆ ದಿನಾ ಬಾಗಿಲಿಗೆ ಹೋಗುವವಳಿಗೆ ಆ ಮನೆಯ ಗುಟ್ಟೆಲ್ಲ ಗೊತ್ತಾಗುತ್ತದೆ. ಯಾರ ಮಗುವಿಗೆ ಜ್ವರ, ಯಾರ ಗಂಡನಿಗೆ ಎರಡು ದಿನದಿಂದ ಕೂಲಿ ಇಲ್ಲ, ಯಾರ ಮನೆಗೆ ಸಾಲದವನು ಬಂದು ಗಲಾಟೆ ಮಾಡಿದ. ಅವಳು ಬಾಗಿಲು ತಟ್ಟುವಾಗ ಒಳಗಿರುವವರು ಯಾವ ಜಾತಿ, ಯಾವ ಭಾಷೆ ಅಂತ ನೋಡುವ ಹಾಗಿಲ್ಲ, ಅವಳ ಲೆಕ್ಕ ತಪ್ಪುತ್ತದೆ. ಬೇರೆ ಬೇರೆ ಜನ ಒಟ್ಟಿಗೆ ಬಾಳುವುದು ಹೇಗೆ ಅಂತ ನಾವು ವಿಚಾರಗೋಷ್ಠಿ ಮಾಡುತ್ತೇವೆ. ಇವರು ವಸೂಲಿಗೆ ಹೋಗುತ್ತಾ ಹೋಗುತ್ತಾ ಕಲಿತರು.

ಈಗ ನಮ್ಮ ಕಡೆಯ ರೀತಿ ನೋಡಿ. ಕರ್ನಾಟಕದಲ್ಲಿ ಸೇವೆ ಮಾಡುವ ಸಾಮಾನ್ಯ ಜನರಿಗೆ ಏನೂ ಕಡಿಮೆ ಇಲ್ಲ. ಹರೇಕಳ ಹಾಜಬ್ಬರನ್ನೇ ತೆಗೆದುಕೊಳ್ಳಿ. ಮಂಗಳೂರಿನಲ್ಲಿ ಬುಟ್ಟಿ ಇಟ್ಟುಕೊಂಡು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲು ಬರಲಿಲ್ಲವೆಂಬ ನೋವಿನಲ್ಲಿ, ತನ್ನೂರಿನ ಮಕ್ಕಳಿಗಾದರೂ ಶಾಲೆ ಬೇಕು ಅಂತ ಹೊರಟರು. ಮದರಸದ ಕೋಣೆಯಲ್ಲಿ ಶುರುವಾದ ಆ ಶಾಲೆ ಬೆಳೆದು ಸರ್ಕಾರಿ ಶಾಲೆಯಾಗಿ ನಿಂತಿತು. ಪದ್ಮಶ್ರೀ ತೆಗೆದುಕೊಳ್ಳಲು ಅವರು ಬರಿಗಾಲಲ್ಲಿ ನಡೆದು ಹೋದದ್ದನ್ನು ನೋಡಿ ನಾವೆಲ್ಲ ಕಣ್ಣೀರು ಹಾಕಿ ವಾಟ್ಸಾಪ್‌ನಲ್ಲಿ ಹಂಚಿದೆವು. ನಾನೂ ಹಂಚಿದೆ. ಆದರೆ ಆ ಮನುಷ್ಯನ ದೊಡ್ಡಸ್ತಿಕೆ ಬರಿಗಾಲಿನಲ್ಲಿಲ್ಲ. ಶಿಕ್ಷಣ ಇಲಾಖೆಯಿಂದ ಹಿಡಿದು ಜಿಲ್ಲಾ ಕಚೇರಿವರೆಗೆ ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆದದ್ದರಲ್ಲಿದೆ. ಅದು ಫೋಟೋದಲ್ಲಿ ಬರುವುದಿಲ್ಲ, ಹಾಗಾಗಿ ನಮಗೆ ನೆನಪೂ ಇರುವುದಿಲ್ಲ.

ನಮ್ಮ ತೊಂದರೆ ಇದೇ ಅಂತ ನನಗನಿಸುತ್ತದೆ. ಒಬ್ಬ ಒಳ್ಳೆಯವರು ಸಿಕ್ಕರೆ ಸಾಕು, ನಾವು ಅವರನ್ನು ಪೀಠದ ಮೇಲೆ ಕೂರಿಸಿ, ಪೇಟ ಕಟ್ಟಿ, ಕೈಮುಗಿದು ಮನೆಗೆ ಹೋಗಿಬಿಡುತ್ತೇವೆ. ‘ಅವರಂಥವರು ನೂರಕ್ಕೊಬ್ಬರು’ ಅನ್ನುತ್ತೇವೆ. ಹಾಗಂದುಬಿಟ್ಟರೆ ಉಳಿದ ತೊಂಬತ್ತೊಂಬತ್ತು ಮಂದಿಗೆ ಆರಾಮು, ಅಲ್ವಾ? ಯಾರೂ ಅವರ ಹತ್ತಿರ ಹೋಗಿ ‘ಹಾಜಬ್ಬ ಅವರೇ, ನಾಳೆ ಆ ಅರ್ಜಿ ನಾನು ತಗೊಂಡು ಹೋಗಲಾ’ ಅಂತ ಕೇಳುವುದು ಕಡಿಮೆ.

ಇಲ್ಲಿ ಮುಂಬೈನಲ್ಲಿ ನಾನು ನೋಡಿದ ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಗೋವಂಡಿ ಕಡೆಯ ಒಂದು ಕೊಳೆಗೇರಿಯಲ್ಲಿ ಸಾರ್ವಜನಿಕ ಸಂಡಾಸ್ ನೋಡಿಕೊಳ್ಳುತ್ತಾಳೆ. ಕಲಬುರಗಿ ಕಡೆಯವಳು, ಗಂಡ ಸೆಂಟ್ರಿಂಗ್ ಕೆಲಸಕ್ಕೆ ಅಂತ ಬಂದವನು. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ, ಸಣ್ಣ ಮಕ್ಕಳಿಗೆ ಬೇರೆಯಾಗಿ ಗಿಡ್ಡ ಗಿಡ್ಡ ಸೀಟುಗಳು. ದೊಡ್ಡವರ ಸಾಲಿನಲ್ಲಿ ಮಕ್ಕಳನ್ನು ತಳ್ಳಿ ಹಿಂದೆ ಹಾಕುತ್ತಾರೆ, ಪಾಪ ಅವು ಚರಂಡಿ ಪಕ್ಕ ಕೂರುತ್ತವೆ, ಅದಕ್ಕೇ ಈ ವ್ಯವಸ್ಥೆ. ಇದನ್ನು ಯೋಚಿಸಿದ್ದು ಯಾವ ಎಂಜಿನಿಯರೂ ಅಲ್ಲ. ಮಕ್ಕಳನ್ನು ಕರೆದುಕೊಂಡು ಸಾಲಿನಲ್ಲಿ ನಿಂತ ತಾಯಂದಿರು. ಪ್ರತಿ ಮನೆಗೂ ತಿಂಗಳ ಪಾಸು. ಆ ದುಡ್ಡಿನಿಂದ ನೀರು, ಕರೆಂಟು, ಫಿನಾಯಿಲ್, ಇವಳ ಸಂಬಳ.

‘ಅಕ್ಕಾ, ನಿಮಗೆ ಈ ಜವಾಬ್ದಾರಿ ಹೇಗೆ ಬಂತು?’ ಅಂತ ಕೇಳಿದೆ.

‘ಮೊದ್ಲ ಇಲ್ಲಿ ಬಾಗಲಾನೇ ಇದ್ದಿಲ್ರೀ ಅಣ್ಣಾರ,’ ಅಂದಳು. ‘ಎಲ್ರೂ ಒದರ್ತಿದ್ರು. ಮನಿಮನಿ ಹೆಸ್ರು ಯಾರ್ ಬರ್ಕೊಂಡ್ ಬರ್ತೀರಿ ಅಂದ್ರ ಎಲ್ರೂ ಸುಮ್ಕಾದ್ರು. ನಾ ಬರ್ತೀನಿ ಅಂದೆ. ನನಗ ಬರೀಲಾಕ ಬರ್ತಿದ್ದಿಲ್ಲ. ಮಗಳಿಗಿ ಕರ್ಕೊಂಡ್ ಹೋದೆ.’

ಮಾತಿನ ಮಧ್ಯೆ ಒಬ್ಬ ಬಂದ. ಪಾಸು ಹಳೆಯದು. ಅವನ ಜೊತೆ ಹಿಂದಿಯಲ್ಲಿ ಜಗಳ, ಹಿಂದೆಯೇ ಬಂದ ಅಜ್ಜಿಯ ಜೊತೆ ಮರಾಠಿಯಲ್ಲಿ ನಗು, ನನ್ನ ಜೊತೆ ಕನ್ನಡ. ಅವಳನ್ನು ಯಾರೂ ನಾಯಕಿ ಅಂತ ಕರೆಯುವುದಿಲ್ಲ. ಆದರೆ ಆ ಗಲ್ಲಿಯಲ್ಲಿ ನೀರಿನ ತಕರಾರು ಬಂದರೂ ಜನ ಮೊದಲು ಹುಡುಕುವುದು ಅವಳನ್ನೇ. ಸ್ಫೂರ್ತಿ ಬಂದಮೇಲೆ ಕೆಲಸ ಮಾಡಿದವಳಲ್ಲ ಅವಳು. ಕೆಲಸ ಕೈಗೆ ಬಂದಮೇಲೆ ಧೈರ್ಯ ಬಂತು.

ಮುಂಬೈ ರೀತಿ ಎಲ್ಲದಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ. ಜೋಕಿನ್ ಕೂಡ ಒಬ್ಬ ವ್ಯಕ್ತಿಯೇ, ಅವರ ಹಿಂದೆ ಸ್ಪಾರ್ಕ್ ಎಂಬ ಓದಿದವರ ಸಂಸ್ಥೆಯ ಬಲವೂ ಇತ್ತು. ರೈಲು ಹಳಿ ಪಕ್ಕದ ಸಾವಿರಾರು ಕುಟುಂಬಗಳನ್ನು ಬೇರೆಡೆಗೆ ಸಾಗಿಸುವಾಗ ಈ ಒಕ್ಕೂಟವೇ ಗಣತಿ ಮಾಡಿತು, ಮೊದಮೊದಲು ಪೊಲೀಸರಿಲ್ಲದೆ ಜನ ತಾವಾಗಿ ಹೋದರು. ಅದು ಸಣ್ಣ ಮಾತಲ್ಲ. ಆದರೆ ಹೋಗಿ ಸೇರಿದ ಕಟ್ಟಡಗಳನ್ನು ನೋಡಿದ್ದೀರಾ? ಮಾನ್‌ಖುರ್ದ್‌ನ ಲಲ್ಲೂಭಾಯಿ ಕಾಂಪೌಂಡಿನಲ್ಲಿ ಒಂದು ಕಟ್ಟಡಕ್ಕೆ ಇನ್ನೊಂದು ಅಂಟಿಕೊಂಡಂತಿದೆ. ಕೆಳಗಿನ ಮಹಡಿಗಳಿಗೆ ಬಿಸಿಲಿಲ್ಲ, ಗಾಳಿಯಿಲ್ಲ. ಅಲ್ಲಿ ಕ್ಷಯರೋಗ ಜಾಸ್ತಿ ಅಂತ ವೈದ್ಯರ ಅಧ್ಯಯನವೇ ಹೇಳಿದೆ. ತಲೆ ಎಣಿಸುವ ಕೆಲಸ ಜನರಿಗೆ ಸಿಕ್ಕಿತು, ಕಿಟಕಿ ಎಲ್ಲಿರಬೇಕು ಅಂತ ತೀರ್ಮಾನಿಸುವ ಕೆಲಸ ಸಿಗಲಿಲ್ಲ. ನನ್ನ ಪ್ರಕಾರ ಆ ಎರಡನೆಯದು ಸಿಗುವವರೆಗೆ ಮೊದಲನೆಯದು ಅರ್ಧ ಗೆಲುವು.

ಇನ್ನು, ಈ ದಾರಿ ಕರ್ನಾಟಕಕ್ಕೆ ಹೊಸದೂ ಅಲ್ಲ. ಅದೇ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ 1980ರ ದಶಕದಲ್ಲಿ ಮೈರಾಡ ಸಂಸ್ಥೆಯ ಜೊತೆ ಸಣ್ಣ ಸಣ್ಣ ಉಳಿತಾಯ ಗುಂಪುಗಳು ಶುರುವಾದವು. ದುಡ್ಡು ಯಾರಿಗೆ ಕೊಡಬೇಕು, ಯಾವಾಗ ವಾಪಸ್ ಬರಬೇಕು ಅಂತ ಸದಸ್ಯರೇ ಕೂತು ತೀರ್ಮಾನ ಮಾಡುತ್ತಿದ್ದರು. 1992ರಲ್ಲಿ ಗ್ರಾಮೀಣಾಭಿವೃದ್ಧಿಯ ಬ್ಯಾಂಕ್ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ ಅದರ ಬೆನ್ನಿಗೆ ಈ ಅನುಭವವೂ ಇತ್ತು. ಇವತ್ತು ಊರೂರಿಗೂ ಸ್ವಸಹಾಯ ಸಂಘ ಇದೆ. ಆದರೆ ನಮ್ಮ ತುಮಕೂರು ಕಡೆ ಹೋದಾಗ ಅತ್ತಿಗೆಯನ್ನು ಕೇಳಿದರೆ ‘ಸಂಘದ ಕಂತು ಕಟ್ಟಬೇಕು’ ಅನ್ನುತ್ತಾಳೆ, ಅಷ್ಟೇ. ಸಂಘ ಅಂದರೆ ಸಾಲದ ಕಂತು. ಕೂತು ತೀರ್ಮಾನ ಮಾಡುವುದು ಎಲ್ಲೋ ಬಿಟ್ಟುಹೋಗಿದೆ.

ಬೆಂಗಳೂರಿನಲ್ಲಿ ಮಾತ್ರ ಒಂದು ಒಳ್ಳೆಯ ಉದಾಹರಣೆ ಕಣ್ಣ ಮುಂದಿದೆ. 2012ರಲ್ಲಿ ಮಂಡೂರು, ಮಾವಳ್ಳಿಪುರದ ಜನ ‘ನಿಮ್ಮ ಕಸ ನಮಗೆ ಬೇಡ’ ಅಂತ ಎದ್ದು ನಿಂತಾಗ ಇಡೀ ನಗರ ಮೂಗು ಮುಚ್ಚಿಕೊಂಡಿತು. ಆಗ ನೆನಪಾದವರು ಕಸ ಆಯುವವರು. ಅವರನ್ನು ಸಂಘಟಿಸಿದ ಹಸಿರು ದಳ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಡಿಸಿತು. ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರಲ್ಲೇ ಹಲವರು ನಡೆಸತೊಡಗಿದರು. ಈ ಪಾಠ ಪುಣೆಯಿಂದಲೂ ಬಂದದ್ದು. ಅಲ್ಲಿ ಕಸ ಆಯುವ ಹೆಂಗಸರು 1993ರಲ್ಲೇ ತಮ್ಮದೇ ಪಂಚಾಯತ್, ಅಂದರೆ ಕಾರ್ಮಿಕ ಸಂಘ, ಕಟ್ಟಿಕೊಂಡಿದ್ದರು, 2008ರ ಹೊತ್ತಿಗೆ ಅವರದೇ ಸಹಕಾರಿ ಸಂಘ ಮನೆಮನೆ ಕಸ ಸಂಗ್ರಹಕ್ಕೆ ಇಳಿಯಿತು. ನಿನ್ನೆವರೆಗೆ ನಾಯಿ ಅಟ್ಟಿಸಿಕೊಂಡು ಬರುತ್ತಿದ್ದವರ ಮುಂದೆ ಇವತ್ತು ಅಪಾರ್ಟ್‌ಮೆಂಟಿನವರು ನಿಂತು ಯಾವ ಬಕೆಟ್ಟಿಗೆ ಏನು ಹಾಕಬೇಕು ಅಂತ ಕೇಳಬೇಕು. ನನ್ನ ತಮ್ಮನ ಅಪಾರ್ಟ್‌ಮೆಂಟಿನಲ್ಲಿ ಇದಕ್ಕೇ ಒಂದು ದೊಡ್ಡ ಮುನಿಸು ನಡೆಯಿತು, ಅದು ಬೇರೆ ಕಥೆ.

ಹೊರನಾಡಿನವರ ವಿಷಯಕ್ಕೆ ಬಂದರೆ, ಹಿಂದಿನವರು ನಮಗಿಂತ ಚುರುಕಾಗಿದ್ದರು. ಕರಾವಳಿಯಿಂದ ಬಂದವರು ಮುಂಬೈನಲ್ಲಿ ಕಟ್ಟಿದ ಸಂಘಗಳಿಗೆ ನೂರು ವರ್ಷ ದಾಟಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಮೆಟ್ರಿಕ್ ಮಾಡಿದರು. ಆಮೇಲೆ ಅವರಲ್ಲೇ ಕೆಲವರು ಅದೇ ಶಾಲೆಗೆ ಪಾಠ ಹೇಳಲು ಬಂದರು. ಸಂಘ ಜಾತಿಯದ್ದೋ ಊರಿನದ್ದೋ ಇರಬಹುದು. ಬೆಂಚಿನ ಮೇಲೆ ಮಾತ್ರ ಯಾರು ಬೇಕಾದರೂ ಕೂರುತ್ತಿದ್ದರು. ಈಗಿನ ನಮ್ಮ ಸಂಘಗಳ ಖರ್ಚಿನ ಪಟ್ಟಿ ತೆಗೆದರೆ ಹಾಲ್ ಬಾಡಿಗೆ, ಮೈಕು, ಶಾಲು, ಊಟ.

ಹೋದ ತಿಂಗಳು ನಮ್ಮ ಸಂಘದ ಸಮಿತಿಯಲ್ಲಿ ನಾನೊಂದು ಮಾತು ಎತ್ತಿದೆ. ಈ ವರ್ಷ ಸನ್ಮಾನ ಬೇಡ. ನಮ್ಮ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳಿವೆ, ಬಿಹಾರದವರೂ ಅದೇ ಶೆಡ್ಡಿನಲ್ಲಿದ್ದಾರೆ. ಶಾಲೆಗೆ ಹೋಗದ ಮಕ್ಕಳು ಎಷ್ಟು ಅಂತ ಶೆಡ್ಡು ಶೆಡ್ಡಿಗೆ ಹೋಗಿ ಬರೆದುಕೊಂಡು ಬರೋಣ. ಬರೆಯುವುದಕ್ಕೆ ನಾವೊಬ್ಬರೇ ಬೇಡ, ಅಲ್ಲಿನ ಹೆಂಗಸರಲ್ಲೇ ಯಾರಾದರೂ ಮುಂದೆ ಬಂದರೆ ಅವರ ಕೈಗೆ ಪುಸ್ತಕ ಕೊಡೋಣ. ‘ಕನ್ನಡದ ಸಂಘ, ಬಿಹಾರದವರನ್ನು ಯಾಕೆ ಎಣಿಸಬೇಕು?’ ಅಂತ ಒಬ್ಬರು ಕೇಳಿದರು. ಶೆಡ್ಡಿಗೆ ನಲ್ಲಿ ಒಂದೇ ಇದೆ ಸಾರ್, ಅಂದೆ. ಖಜಾಂಚಿಯವರದು ಬೇರೆ ಚಿಂತೆ: ‘ಲಿಸ್ಟ್ ಮಾಡೋದು ಸರಿ, ಸ್ಟೇಜ್ ಮೇಲೆ ಏನು ತೋರಿಸೋದು?’

ಸದ್ಯಕ್ಕೆ ನಾಲ್ಕು ಜನ ಒಪ್ಪಿದ್ದಾರೆ. ಅದರಲ್ಲಿ ಇಬ್ಬರು ಬರೀ ಫೋಟೋಗೆ ನಿಲ್ಲುವವರು ಅಂತ ಎಲ್ಲರಿಗೂ ಗೊತ್ತು. ಬರಲಿ ಬಿಡಿ. ಮಳೆ ನಿಂತ ಮೇಲೆ ಒಂದು ಭಾನುವಾರ ಹೊರಡುವುದು ಅಂತ ಮಾತಾಗಿದೆ.