ಸಹಿಯ ಸಹಿಗೊಂದು ಸಹಿ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯಿತೆಂದರೆ ಬೂಷ್ಟು ಚಪ್ಪಲಿಯನ್ನೂ ಬಿಡುವುದಿಲ್ಲ, ಅಂಕಪಟ್ಟಿಯನ್ನೂ ಬಿಡುವುದಿಲ್ಲ. ಅದಕ್ಕೇ ಬುದ್ಧಿವಂತ ಅಪ್ಪಂದಿರು ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ದಿನವೇ ಲ್ಯಾಮಿನೇಷನ್ ಮಾಡಿಸಿ ಟ್ರಂಕಿನ ತಳ ಸೇರಿಸುತ್ತಾರೆ. ಹತ್ತು ಮಳೆಗಾಲ ಗೆದ್ದ ಆ ಕಾಗದ, ಮಗ ವಿದೇಶಕ್ಕೆ ಹೊರಟಾಗ ಮೊದಲ ಕೌಂಟರಿನಲ್ಲೇ ಸೋಲುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಸೀಲಿನ ಶಾಯಿ ನಿಲ್ಲುವುದಿಲ್ಲ, ಪತ್ರದ ಸಹಿ, ಸೀಲು ಅಸಲಿಯೆಂದು ಹೊರದೇಶಕ್ಕೆ ಸಾಕ್ಷಿ ಹೇಳಲು ಹಿಂಬದಿಗೆ ಹಚ್ಚುವ ಅಪೊಸ್ಟಿಲ್ ಚೀಟಿಗೂ ಅದು ಆಗದು. ಸುಲಿಯಲು ಹೋದರೆ ಕಷ್ಟಪಟ್ಟು ತೆಗೆದ ಗಣಿತದ ಅಂಕವೂ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬರುತ್ತದೆ. ಮಂಡಳಿಗೆ ಅರ್ಜಿ ಹಾಕಿ ಎರಡನೇ ಪ್ರತಿ ತರಿಸಿಕೊಳ್ಳಬೇಕು.

ಈ ಅಪೊಸ್ಟಿಲ್, ಒಬ್ಬರ ಚೀಟಿಯನ್ನು ಇನ್ನೊಬ್ಬರು ಒಪ್ಪಬೇಕೆಂದು ದೇಶಗಳು ಮಾಡಿಕೊಂಡ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದ ಕೂಸು. ಬದಿಗೆ ಕನಿಷ್ಠ 9 ಸೆಂಟಿಮೀಟರಿನ ಚೌಕ, ಒಳಗೆ 10 ಕಲಂ. ತಲೆಬರಹ ಮಾತ್ರ ಫ್ರೆಂಚಿನಲ್ಲೇ ಇರಬೇಕು. ಹೊಸನಗರದ ಜನನ ಪತ್ರಕ್ಕೂ ಆ ಭಾಗ್ಯವುಂಟು! ಭಾರತಕ್ಕೆ ಇದು ಅನ್ವಯವಾದದ್ದು 2005ರ ಜುಲೈ 14ರಿಂದ. ಮೊದಲು ರಾಜ್ಯದ ಅಧಿಕಾರಿಯ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ ಚೀಟಿ. ಸರ್ಕಾರಿ ಶುಲ್ಕ 50 ರೂಪಾಯಿ. ಏಜೆನ್ಸಿಯ ಸೇವಾಶುಲ್ಕ, ಬೆಂಗಳೂರಿನ ಬಸ್ಸು, ಮಧ್ಯಾಹ್ನದ ಊಟ ಬೇರೆ.

ಇಷ್ಟಾಗಿ ಅದು ಹೇಳುವುದೇನು? ಈ ಸಹಿ ನಿಜ, ಹಾಕಿದವರ ಹುದ್ದೆ ನಿಜ, ಸೀಲು ನಿಜ. ಪತ್ರದೊಳಗೆ ಏನು ಬರೆದಿದೆಯೋ ಅದಕ್ಕೂ ತನಗೂ ಸಂಬಂಧವಿಲ್ಲ. ಗುಮಾಸ್ತರು 'ಮಂಜಪ್ಪ'ನನ್ನು 'ಮಂಜಮ್ಮ' ಎಂದು ಬರೆದಿದ್ದರೆ ಆ ಮಂಜಮ್ಮನೇ ಸಕಲ ಮರ್ಯಾದೆಯೊಂದಿಗೆ ವಿಮಾನ ಹತ್ತುತ್ತಾಳೆ.

ಅದೂ ಎಲ್ಲಿಗೆ ಎಂದು ನೋಡಿಕೊಂಡು ಹತ್ತಬೇಕು. ಭಾರತದ ಸೇರ್ಪಡೆಗೇ ಆಕ್ಷೇಪ ಎತ್ತಿದ ಜರ್ಮನಿಯಲ್ಲಿ ನಮ್ಮ ಚೀಟಿ ನಡೆಯದು. ದುಬೈ, ಕತಾರ್ ಒಪ್ಪಂದದಲ್ಲೇ ಇಲ್ಲ. ಅಲ್ಲಿಗೆ ರಾಯಭಾರ ಕಚೇರಿಯ ದೃಢೀಕರಣ ಬೇರೆ ಬೇಕು. ಕೆನಡಾಕ್ಕೆ 2024ರ ಜನವರಿ 11ರಿಂದ ಚೀಟಿ ಸಾಕು.

ಇನ್ನು ಊರಿನ ಹೆಸರು. ಇಂಗ್ಲಿಷಿನಲ್ಲಿ 'ಶಿಮೊಗ' ಇದ್ದದ್ದು 2014ರ ನವೆಂಬರ್ 1ರಂದು 'ಶಿವಮೊಗ್ಗ' ಆಯಿತು. ಹಳೆಯ ಜನನ ಪತ್ರದಲ್ಲಿ ಒಂದು, ಹೊಸ ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಒಬ್ಬನೇ ಎರಡು ಊರಲ್ಲಿ ಹುಟ್ಟಿದ್ದು ಹೇಗೆಂದು ಪರದೇಶದ ಗುಮಾಸ್ತ ಕೇಳಿದರೆ ತಪ್ಪಲ್ಲ. ಎರಡೂ ಒಂದೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ, ನೋಟರಿಯ ಸಹಿ ಹಾಕಿಸಬೇಕು. ಆ ನೋಟರಿ ಯಾರೆಂದು ಆ ದೇಶಕ್ಕೆ ಹೇಗೆ ಗೊತ್ತಾಗಬೇಕು? ಅಫಿಡವಿಟ್ಟಿಗೂ ರಾಜ್ಯದ ಮುದ್ರೆ, ಅದಕ್ಕೂ ಒಂದು ಚೀಟಿ, ಇನ್ನೊಂದು 50 ರೂಪಾಯಿ. ಲ್ಯಾಮಿನೇಷನ್ ಮಾತ್ರ ಬೇಡ.