ಲೆವೊಡೋಪಾ ಐದು ವರ್ಷಕ್ಕೆ ಮುಗಿದುಹೋಗುವ ಮಾತ್ರೆಯಲ್ಲ

"ಲೆವೊಡೋಪಾ ಐದು ವರ್ಷ ಮಾತ್ರ ಕೆಲಸ ಮಾಡುತ್ತದೆ, ಆದಷ್ಟು ತಡವಾಗಿ ಶುರು ಮಾಡಿ" ಅಂತ ಪಾರ್ಕಿನ್ಸನ್ಸ್ ಕಾಯಿಲೆಗೆ ಕೊಡುವ ಈ ಮಾತ್ರೆಯ ಬಗ್ಗೆ ಒಂದು ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಪಾರ್ಕಿನ್ಸನ್ಸ್‌ನಲ್ಲಿ, ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಮಿದುಳಿನ ಕೋಶಗಳು ವರ್ಷ ಕಳೆದಂತೆ ಕಡಿಮೆಯಾಗುತ್ತವೆ. ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಆಗುತ್ತದೆ; ಹಾಗೆ ಮಾತ್ರೆಯಿಂದ ಬಂದದ್ದನ್ನು ಕೂಡಿಟ್ಟುಕೊಳ್ಳುವ ಶಕ್ತಿಯೂ ಕುಗ್ಗುತ್ತದೆ, ಹಾಗಾಗಿ ಮುಂದಿನ ಡೋಸ್‌ಗೆ ಇನ್ನೂ ಹೊತ್ತಿರುವಾಗಲೇ ಕೈ ನಡುಗತೊಡಗಿ ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಇದಕ್ಕೆ ಕಾಯಿಲೆ ಮುಂದುವರಿದದ್ದೇ ಮುಖ್ಯ ಕಾರಣ. 2019ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, 40 ವಾರ ತಡವಾಗಿ ಶುರು ಮಾಡಿದವರಿಗೆ ಕೊನೆಗೆ ಜಾಸ್ತಿ ಲಾಭವೇನೂ ಕಾಣಲಿಲ್ಲ. ಸುಮ್ನೆ ಯಾಕೆ ನರಳಬೇಕು?

ಡೋಸ್, ಸಮಯ ಎರಡನ್ನೂ ವೈದ್ಯರು ಹೊಂದಿಸಿಕೊಡುತ್ತಾರೆ. ಪ್ರೋಟೀನ್ ಅಡ್ಡ ಬರುವುದರಿಂದ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಂಡರೆ ಅನೇಕರಿಗೆ ಚೆನ್ನಾಗಿ ಹಿಡಿಯುತ್ತದೆ. ಗಾಬರಿಯಾಗಿ ಏಕಾಏಕಿ ಮಾತ್ರೆ ನಿಲ್ಲಿಸಬೇಡಿ. ಮೈ ಸೆಟೆದು, ಜ್ವರ ಏರಿ ಜೀವಕ್ಕೇ ಅಪಾಯ ಆಗಬಹುದು.