ಲೆನ್ಸಿಗೆ ಹೆಸರುಂಟು, ಬಾಬಿಯಕ್ಕನಿಗಿಲ್ಲ

ನಿನ್ನೆ ನಮ್ಮ ಕರಾವಳಿಯದೇ ಒಂದು ಫೋಟೋ ಹಬ್ಬಕ್ಕೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ನಡೆಸುವವರಲ್ಲಿ ಅರ್ಧ ಜನ ಸ್ನೇಹಿತರು, ಇನ್ನರ್ಧ ಜನ ನನ್ನ ಟ್ರೈಪಾಡ್ ಒಯ್ದು ವಾಪಸ್ ಕೊಡದವರು. ‘ಸಮುದಾಯ ಪ್ರದರ್ಶನ’ ಅಂತ ದೊಡ್ಡ ಬ್ಯಾನರ್. ಮೀನುಗಾರರು, ಹಾಲಕ್ಕಿಗಳು, ಸಿದ್ದಿಗಳು, ಗೋಡೆ ತುಂಬ ಮುಖಗಳು. ಪ್ರಿಂಟ್ ಚೆನ್ನಾಗಿತ್ತು, ಲೈಟಿಂಗ್ ಚೆನ್ನಾಗಿತ್ತು, ಗೋಳಿಬಜೆಯಂತೂ ಇನ್ನೂ ಚೆನ್ನಾಗಿತ್ತು.

ಒಂದು ಚಿತ್ರದ ಮುಂದೆ ನಿಂತೆ. ಮೀನಿನ ಬುಟ್ಟಿ ಹೊತ್ತ ಮುದುಕಿ. ಕೆನ್ನೆಗಂಟಿದ ಒಂದೇ ಒಂದು ಮೀನಿನ ಹುರುಪೆ ಬಿಸಿಲಿಗೆ ಮಿಂಚುತ್ತಿದೆ. ಕೆಳಗಿನ ಚೀಟಿಯಲ್ಲಿ ‘ಟೈಮ್‌ಲೆಸ್’ ಅಂತ ಶೀರ್ಷಿಕೆ, ಫೋಟೋ ತೆಗೆದವರ ಹೆಸರು, ಹೆಸರಿನ ಹಿಂದೆ ಬಾಲದ ಹಾಗೆ ನಾಲ್ಕು ಬಿರುದು. ಜೊತೆಗೆ ಕ್ಯಾಮೆರಾ ಸೆಟ್ಟಿಂಗ್ ಪೂರ್ತಿ: 85 ಎಂಎಂ ಲೆನ್ಸ್, ಎಫ್ 4, 1/500, ಐಎಸ್‌ಒ 200. ಮುದುಕಿ ಯಾರು? ಊಹೂಂ.

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಗೋಡೆಗೆ ಒರಗಿಸಿ ಹತ್ತಿರ ಬಂದರು. "ಅಯ್ಯೋ, ಇದ್ ನಮ್ ಗಂಗೊಳ್ಳಿ ಬಾಬಿಯಕ್ಕ ಅಲ್ದಾ! ಅವ್ರಿಗ್ ಗೊತ್ತಿತ್ತಾ ಇದ್?"

ನಾನು ಸಂಘಟಕರ ಕಡೆ ನೋಡಿದೆ. ಅವರು ಅತಿಥಿಗಳ ಜೊತೆ ಸೆಲ್ಫಿಯಲ್ಲಿದ್ದರು.

ಅಲ್ಲ ಮಾರಾಯ್ರೆ, ಶಟರ್ ಸ್ಪೀಡ್ ಬರೆಯಲು ಜಾಗ ಉಂಟು, ಬಾಬಿಯಕ್ಕನಿಗೆ ನಾಲ್ಕಕ್ಷರದ ಜಾಗ ಇಲ್ವಾ? ಬ್ರಿಟಿಷರು 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಫೋಟೋ ಸಂಪುಟ ತಂದರಲ್ಲ, ಅದರಲ್ಲೂ ಬಹುಪಾಲು ಇದೇ ಕತೆ. ಮುಖದ ಕೆಳಗೆ ಜಾತಿ ಇಲ್ಲವೇ ಪಂಗಡ, ಮುಗೀತು. ಅವರಿಗೆ ಅದು ಆಳುವ ಲೆಕ್ಕಾಚಾರ. ನಮಗೆ ಯಾವ ರೋಗ? ಹೀಗೆ ಜನರನ್ನು ‘ಮಾದರಿ’ ಮಾಡಿ ತೋರಿಸುವ ಚಾಳಿಯನ್ನೇ ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ತಾನೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತು ಗೇಲಿ ಮಾಡಿದರು. 2019ರಲ್ಲಿ ಚೆನ್ನೈ ಫೋಟೋ ಬಿಯೆನಾಲೆ ಎಂಬ ದೊಡ್ಡ ಫೋಟೋ ಹಬ್ಬದ ಕಲಾ ನಿರ್ದೇಶಕಿ ಅವರೇ. ಅವರ ಹೆಸರು ನಿನ್ನೆ ಉದ್ಘಾಟನಾ ಭಾಷಣದಲ್ಲೂ ಬಂತು, ಚಪ್ಪಾಳೆಯೂ ಬಿತ್ತು!

ಹೆಸರು ಯಾಕಿಲ್ಲ ಅಂದರೆ ‘ಖಾಸಗಿತನ ಸಾರ್’ ಅಂದ ಅಲ್ಲಿದ್ದ ಒಬ್ಬ ಹುಡುಗ. ನಾಲ್ಕಡಿ ಮುಖ ತೂಗು ಹಾಕುವಾಗ ಇಲ್ಲದ ಖಾಸಗಿತನ ಅರ್ಧ ಇಂಚಿನ ಹೆಸರಿಗೆ ಬಂದುಬಿಡ್ತಾ? ಹೆಸರು ಬೇಡ ಅನ್ನುವವರೂ ಇರಬಹುದು, ಒಪ್ಪಿದೆ. ಅವರನ್ನು ಕೇಳಿದ್ದು ಯಾರು? 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಮೈಗ್ರಂಟ್ ಮದರ್’ (ವಲಸೆ ತಾಯಿ) ಎಂಬ ಪ್ರಸಿದ್ಧ ಫೋಟೋ ತೆಗೆದ ಡೊರೊಥಿಯಾ ಲ್ಯಾಂಗ್ ಕೂಡ ಹೆಸರು ಕೇಳಲಿಲ್ಲ. ವಯಸ್ಸು ಮಾತ್ರ ಗೊತ್ತಾಗಿತ್ತು, 32. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಅಂತ ಲೋಕಕ್ಕೆ ತಿಳಿಯುವಾಗ 1978. ಆ ಚಿತ್ರದಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಅಂತ ಆಕೆಗೆ ಬೇಸರವಿತ್ತು.

ಇಷ್ಟೆಲ್ಲ ಕೂಗಾಡಿ ರಾತ್ರಿ ಮನೆಗೆ ಬಂದು ಹಳೇ ನೆಗೆಟಿವ್ ಡಬ್ಬ ತೆಗೆದೆ. ನಾನು ‘ಬೆವರ ಮುತ್ತು’ ಅಂತ ಪ್ರಿಂಟ್ ಹಾಕಿ ಸರ್ಟಿಫಿಕೇಟ್ ಗಿಟ್ಟಿಸಿದ ಚಿತ್ರ ನಿಮಗೆ ನೆನಪಿರಬಹುದು, ನನ್ನ ಸ್ಟುಡಿಯೋ ಕೌಂಟರಿನ ಮೇಲೆ ಹನ್ನೆರಡು ವರ್ಷ ತೂಗಾಡಿತ್ತು. ಮರವಂತೆಯಲ್ಲಿ ಕೈರಂಪಣಿ ಬಲೆ ಎಳೆಯುವ ಮನುಷ್ಯ. ಕವರಿನ ಮೇಲೆ ನನ್ನದೇ ದುಂಡಕ್ಷರ: ‘ಮರವಂತೆ, ಬೆಳಿಗ್ಗೆ 6.40, ಎಚ್‌ಪಿ5, ಹಳದಿ ಫಿಲ್ಟರ್’. ಎಚ್‌ಪಿ5 ಅಂದರೆ ಕಪ್ಪು ಬಿಳುಪು ಫಿಲ್ಮಿನ ಹೆಸರು.

ಫಿಲ್ಟರ್ ಬಣ್ಣ ಬರೆದಿದ್ದೇನೆ ಕರ್ಮ! ಆವತ್ತು ಅವರು ನನಗೆ ಬೀಡಿ ಕೊಟ್ಟದ್ದು ನೆನಪುಂಟು, ಹೆಸರು ಕೇಳಿದ್ದು ನೆನಪಿಲ್ಲ.

ಬಾಬಿಯಕ್ಕನ ಚಿತ್ರವನ್ನು ಮೊಬೈಲಲ್ಲಿ ಹೊಡೆದು ಆ ಹೆಂಗಸಿನ ಮಗಳ ವಾಟ್ಸಾಪಿಗೆ ಕಳಿಸಿದೆ. ಫ್ರೇಮಿನ ಗಾಜಿನಲ್ಲಿ ನನ್ನ ಹೊಟ್ಟೆಯೂ ಬಂದಿದೆ, ಇರಲಿ. ಬಲೆ ಎಳೆಯುವವರ ಚಿತ್ರ ಇಲ್ಲಿ ಹಾಕಿದ್ದೇನೆ. ಎಡಗಿವಿಯಲ್ಲಿ ಒಂಟಿ, ಎತ್ತರದ ಆಳು. ಮರವಂತೆ, ತ್ರಾಸಿ ಕಡೆಯವರು ಮನೆಯಲ್ಲಿ ಹಿರಿಯರಿಗೆ ಒಮ್ಮೆ ತೋರಿಸಿ.